ಮಂದಾಗ್ನಿಗೆ ಚೀನೀಯರ ಮೂರು ಮಾರ್ಗಗಳು

ಬಹುದಿನಗಳಿಂದ ಅಜೀರ್ಣದಿಂದ ಬಳಲುತ್ತಿರುವ ಅಥಣಿಯ ಗೃಹಸ್ಥರೊಬ್ಬರು ‘ಚೀನೀ ಸೂಜಿ ಚಿಕಿತ್ಸೆಯಿಂದ ಗುಣವಾದೀತೆ?’ ಎಂದು ಕೇಳಿದ್ದಾರೆ. ನಿಪ್ಪಾಣಿಯ ಬೀಡಿ ಕಟ್ಟುವ ತಾಯಂದಿರು, ರಾಯಬಾಗ ಕಾಗವಾಡಗಳ ಕಬ್ಬಿನ ಹೊಲದಲ್ಲಿ ದುಡಿಯುವವರು, ಚಿಕ್ಕೋಡಿಯ ಅಂಗಡಿಕಾರರು, ಹೀಗೆ ಹೊತ್ತು ಮೀರಿ ಉಣ್ಣುವ ಅನೇಕರ ದೂರೂ ಇದೇ: ನಾಲ್ಕು ತುತ್ತಿಗೇ ಹೊಟ್ಟೆ ಬಿಗಿಯುತ್ತದೆ, ಹುಳಿತೇಗು ಬರುತ್ತದೆ.

ಆಯುರ್ವೇದವು ಇದನ್ನು ಅಗ್ನಿಮಾಂದ್ಯವೆನ್ನುತ್ತದೆ. ಚೀನೀ ವೈದ್ಯರು ಪ್ಲೀಹ ಮತ್ತು ಜಠರಗಳ ಪ್ರಾಣಶಕ್ತಿ ಕುಂದಿದೆಯೆನ್ನುತ್ತಾರೆ. ಮಾತು ಬೇರೆಯಾದರೂ ಭಾವ ಸಮೀಪದ್ದು.

ಅವರ ಮೊದಲ ಮಾರ್ಗ ಸೂಜಿ. ಮೊಣಕಾಲ ಚಿಪ್ಪಿನ ಕೆಳಗೆ ನಾಲ್ಕು ಬೆರಳಿನಷ್ಟು ದೂರದಲ್ಲಿ, ಮುಂಗಾಲೆಲುಬಿನ ಹೊರಬದಿಯಲ್ಲಿ ಒಂದು ಮುಖ್ಯ ಬಿಂದುವಿದೆ. ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನೀಸರೊಡನೆ 1938ರಲ್ಲಿ ಚೀನಾಕ್ಕೆ ಹೋದ ಡಾ. ಬಿ. ಕೆ. ಬಸು ಅವರು ಮುಂದೆ ಈ ವಿದ್ಯೆಯನ್ನು ಕಲಿತು ಕಲ್ಕತ್ತೆಗೆ ತಂದರು. 2020ರಲ್ಲಿ ಪ್ರಕಟವಾದ ಚೀನೀ ಪರೀಕ್ಷೆಯೊಂದರಲ್ಲಿ 278 ರೋಗಿಗಳಿಗೆ ನಾಲ್ಕು ವಾರ ಚಿಕಿತ್ಸೆ ನಡೆಯಿತು. ನಿಜವಾದ ಸೂಜಿಯಿಂದ ನೂರಕ್ಕೆ 83 ಜನರಿಗೆ ಉಪಶಮನವಾಯಿತು. ತೋರಿಕೆಯ ಸೂಜಿಯಿಂದಲೂ ಸುಮಾರು 52 ಜನರಿಗೆ ಆಯಿತೆಂಬುದನ್ನು ಮರೆಯಬಾರದು.

ಎರಡನೆಯದು ದವನದ ಕುಲದ ಗಿಡದೆಲೆಯನ್ನು ಹೊತ್ತಿಸಿ ಬಿಂದುಗಳಿಗೆ ಕೊಡುವ ಕಾವು. ಸಕ್ಕರೆ ಕಾಯಿಲೆಯಿಂದ ಕಾಲಿನ ಸ್ಪರ್ಶ ತಗ್ಗಿದವರು ಸುಟ್ಟುಕೊಳ್ಳುವ ಭಯವುಂಟು.

ಮೂರನೆಯದು ಕಷಾಯ. ಜಿನ್ಸೆಂಗ್, ಒಣ ಕಿತ್ತಳೆ ಸಿಪ್ಪೆ, ಜ್ಯೇಷ್ಠಮಧುವಿನ ಜಾತಿಯ ಬೇರು ಮೊದಲಾದವು ಅದರಲ್ಲಿವೆ. ನಮ್ಮ ಶುಂಠಿ, ಜೀರಿಗೆ, ಇಂಗುಗಳ ಹಿಂಗಾಷ್ಟಕ ಚೂರ್ಣದ ಉದ್ದೇಶವೂ ಅಗ್ನಿದೀಪನವೇ. ಆದರೆ ಬೇರೆಂದ ಮಾತ್ರಕ್ಕೆ ನಿರಪಾಯವಲ್ಲ. ಜ್ಯೇಷ್ಠಮಧು ಅತಿಯಾದರೆ ರಕ್ತದೊತ್ತಡ ಏರುತ್ತದೆ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ, ಮೈ ಇಳಿಸುವ ಗುಳಿಗೆಗಳಲ್ಲಿ ಈಶ್ವರಿ ಬಳ್ಳಿಯ ಕುಲದ ಚೀನೀ ಬೇರು ಬೆರೆತು ಅನೇಕ ಸ್ತ್ರೀಯರ ಮೂತ್ರಪಿಂಡಗಳು ಕೆಟ್ಟವು.

ಆದುದರಿಂದ ಅಥಣಿಯ ಬಂಧುಗಳಿಗೆ ನನ್ನ ಉತ್ತರವಿಷ್ಟು: ಸೂಜಿಯನ್ನು ಬಲ್ಲವರಿಂದ, ಹೊಸ ಸೂಜಿಯಿಂದ ಮಾಡಿಸಿಕೊಳ್ಳಬಹುದು, ಹೆಸರರಿಯದ ಪುಡಿಗಳನ್ನು ಸೇವಿಸಬಾರದು. ಅದಕ್ಕೂ ಮೊದಲು ತಜ್ಞ ವೈದ್ಯರನ್ನು ಕಾಣಬೇಕು. ತೂಕ ಇಳಿಯುವುದು, ಮಲ ಕಪ್ಪಾಗುವುದು, ನುಂಗಲು ತೊಡಕಾಗುವುದು, ವಾಂತಿ ನಿಲ್ಲದಿರುವುದು, ಅರವತ್ತರ ಮೇಲೆ ಹೊಸದಾಗಿ ಅಜೀರ್ಣ ತೋರುವುದು, ಇವು ಹುಣ್ಣು ಅಥವಾ ಅರ್ಬುದದ ಸೂಚನೆಯಾಗಿರಬಹುದು. ಅಲ್ಲಿ ಸೂಜಿಯೂ ಚೂರ್ಣವೂ ಕಾಲಹರಣವೇ ಸರಿ.

ಹೊತ್ತಿಗೆ ಊಟ, ಮಿತ ಖಾರ, ತಂಬಾಕಿನ ತ್ಯಾಗ: ಇವಕ್ಕೆ ಚೀನಾದ ವೈದ್ಯರಾಗಲಿ ನಮ್ಮ ವೈದ್ಯರಾಗಲಿ ಬೇಡವೆನ್ನರು.