ಬೋರ್ಗ್ ಬಿಟ್ಟು ಬಂದವರಿಗೆ ಎಷ್ಟು ಅಳತೆಗೋಲು?

'ಸ್ಟಾರ್ ಟ್ರೆಕ್' ಸರಣಿಗಳಲ್ಲಿ ಬೋರ್ಗ್ ಗುಂಪಿನಿಂದ ಬಿಡಿಸಿಕೊಂಡು ಬಂದವರ ಕತೆ ಒಂದಕ್ಕೊಂದು ತಾಳೆಯಾಗುವುದಿಲ್ಲ ಎಂದು ನಾನು ಹೇಳಿದ್ದೆ. ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ಗೆಳೆಯರು ಅದನ್ನು ಒಪ್ಪಲಿಲ್ಲ. ಒಬ್ಬೊಬ್ಬರು ಒಂದೊಂದು ಸಮರ್ಥನೆ ಮುಂದಿಟ್ಟರು. ಅವುಗಳನ್ನು ಒಟ್ಟಿಗಿಟ್ಟು ನೋಡಿದರೆ ನನ್ನ ಮಾತಿಗಿಂತ ಹೆಚ್ಚಾಗಿ ಅವರವರ ಮಾತುಗಳೇ ಪರಸ್ಪರ ಹೊಡೆದಾಡುತ್ತವೆ. ಓದುಗರು ತೀರ್ಪು ಕೊಡಲಿ.

ಸರಣಿ ನೋಡದವರಿಗೆ ಇಷ್ಟು ತಿಳಿದಿದ್ದರೆ ಸಾಕು. ಬೋರ್ಗ್ ಎಂದರೆ ಅರ್ಧ ಜೀವ, ಅರ್ಧ ಯಂತ್ರವಾದ ಗುಂಪು. ಕೈಗೆ ಸಿಕ್ಕವರ ಮೈಯೊಳಗೆ ಯಂತ್ರ ತುರುಕಿ, ಹೆಸರು ಕಿತ್ತುಕೊಂಡು, ಎಲ್ಲರ ಮನಸ್ಸನ್ನೂ ಒಂದೇ ಮನಸ್ಸಾಗಿ ಮಾಡಿಬಿಡುತ್ತದೆ. 1989ರಲ್ಲಿ ಮೊದಲ ಸಲ ತೆರೆಗೆ ಬಂದ ಈ ಗುಂಪು 1990ರಲ್ಲಿ ನಾಯಕ ಕ್ಯಾಪ್ಟನ್ ಪಿಕಾರ್ಡ್‌ನನ್ನೇ ಹಿಡಿದು 'ಲೋಕ್ಯುಟಸ್' ಆಗಿಸಿತು. ಅವನ ಬಳಿಕ ಹ್ಯೂ, ಸೆವೆನ್ ಆಫ್ ನೈನ್, ಇಚೆಬ್ ಹೀಗೆ ಹಲವರು ಅಲ್ಲಿಂದ ಹೊರಬಂದರು. ಸ್ಟಾರ್‌ಫ್ಲೀಟ್ ಎಂಬ ಬಾಹ್ಯಾಕಾಶ ಪಡೆ ಇವರನ್ನು ಹೇಗೆ ನಡೆಸಿಕೊಂಡಿತು ಎಂಬುದೇ ನಮ್ಮ ಜಗಳದ ವಿಷಯ.

ಮೊದಲ ಸಮರ್ಥನೆ: ಮೂವತ್ತು ವರ್ಷ, ಹತ್ತಾರು ಬರಹಗಾರರು, ಎಲ್ಲರಿಗೂ ಎಲ್ಲವೂ ನೆನಪಿರುತ್ತದೆಯೇ? ಟಿ.ವಿ. ಕತೆಯಲ್ಲಿ ಇಷ್ಟೊಂದು ಲೆಕ್ಕ ಕೇಳುವುದು ಸಣ್ಣತನ. ಮರೆವೇ ಕಾರಣವಾಗಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಆದರೆ ಈ ಬರಹಗಾರರ ನೆನಪು ತುಂಬ ಚುರುಕಾದದ್ದು. 2000ದ 'ವಾಯೇಜರ್' ಕಂತೊಂದರಲ್ಲಿ ಸೆವೆನ್ ತಲೆಯೊಳಗಿನ ಕಾರ್ಟಿಕಲ್ ನೋಡ್ ಎಂಬ ಬೋರ್ಗ್ ಯಂತ್ರ ಕೆಟ್ಟು ಅವಳು ಸಾಯುವ ಸ್ಥಿತಿಗೆ ಬರುತ್ತಾಳೆ. ಎಳೆಯ ಇಚೆಬ್ ತನ್ನದನ್ನೇ ತೆಗೆದುಕೊಟ್ಟು ಅವಳನ್ನು ಉಳಿಸುತ್ತಾನೆ. ಇಪ್ಪತ್ತು ವರ್ಷ ಕಳೆದು, 2020ರ 'ಪಿಕಾರ್ಡ್' ಸರಣಿಯಲ್ಲಿ, ಬೋರ್ಗ್ ಬಿಡಿಭಾಗ ಕದ್ದು ಮಾರುವವರು ಅದೇ ಇಚೆಬ್‌ನ ಮೈ ಬಗೆದು ಆ ನೋಡ್ ಹುಡುಕುತ್ತಾರೆ, ಅದು ಸಿಗುವುದಿಲ್ಲ. ನೋಡಿದವರ ಕರುಳು ಕಿವುಚುವ ದೃಶ್ಯ ಅದು, ಅದರ ಹಿಂದಿನ ಕಾಳಜಿಗೆ ನಾನು ತಲೆಬಾಗುತ್ತೇನೆ. ಅಷ್ಟು ಸಣ್ಣ ವಿವರವನ್ನು ಎರಡು ದಶಕ ಜೋಪಾನ ಮಾಡಿದವರು ದೊಡ್ಡ ಸಂಗತಿಗಳನ್ನು ಮರೆತರು ಎಂದರೆ ನಂಬಲಾಗದು. ಬೇಕಾದದ್ದನ್ನು ನೆನಪಿಟ್ಟುಕೊಂಡರು, ತೊಡಕಾಗುವುದನ್ನು ಬದಿಗಿಟ್ಟರು.

ತೊಡಕಾಗುವ ಸಂಗತಿ ಇದು. 'ಪಿಕಾರ್ಡ್' ಎರಡನೆಯ ಭಾಗದಲ್ಲಿ, 2022ರಲ್ಲಿ, ಸೆವೆನ್ ತನ್ನ ಹಳೆಯ ನೋವೊಂದನ್ನು ಹೇಳಿಕೊಳ್ಳುತ್ತಾಳೆ: ವಾಯೇಜರ್ ಹಡಗು ಮನೆಗೆ ಮರಳಿದ ಮೇಲೆ ಅವಳು ಸ್ಟಾರ್‌ಫ್ಲೀಟ್ ಸೇರಲು ಹೋದಳು, ಬೋರ್ಗ್ ಆಗಿದ್ದವಳೆಂದು ಅವರು ಬೇಡವೆಂದರು. ಹಾಗಾದರೆ ಇಚೆಬ್? ಅವನೂ ಬೋರ್ಗ್ ಆಗಿದ್ದವನೇ. ಕೊಲೆಯಾಗುವಾಗ ಅವನು ಸ್ಟಾರ್‌ಫ್ಲೀಟ್‌ನ ಲೆಫ್ಟಿನೆಂಟ್ ಆಗಿದ್ದ. ಸೆವೆನ್ ಅವನನ್ನು ಮಗನಂತೆ ಬೆಳೆಸಿದವಳು, ಅವನ ಕೊಲೆಗೆ ಸೇಡು ತೀರಿಸಿಕೊಂಡವಳು. ಅವನನ್ನು ಸೇರಿಸಿಕೊಂಡ ಅದೇ ಪಡೆ ಅವಳನ್ನು ಬೇಡವೆಂದಿತು.

ಇದಕ್ಕೆ ಗೆಳೆಯರ ಎರಡನೆಯ ಉತ್ತರ ಸಿದ್ಧವಾಗಿದೆ: ಪಿಕಾರ್ಡ್ ಬೋರ್ಗ್ ಆಗಿದ್ದದ್ದು ಕೆಲವೇ ದಿನ, ಇಚೆಬ್ ಇನ್ನೂ ಬಲಿಯದ ಹುಡುಗ, ಸೆವೆನ್ ಮಾತ್ರ ಆರನೆಯ ವಯಸ್ಸಿನಿಂದ ಹದಿನೆಂಟು ವರ್ಷ ಅವರೊಳಗಿದ್ದವಳು. ಅವಧಿ ನೋಡಿ ನಿಯಮ ಮಾಡಿದ್ದಾರೆ. ಅವರ ಬತ್ತಳಿಕೆಯಲ್ಲಿ ಇದೇ ಗಟ್ಟಿಯಾದ ಬಾಣ, ಆದ್ದರಿಂದ ನಿಧಾನವಾಗಿ ನೋಡೋಣ. ಅವಧಿಯೇ ಅಳತೆಗೋಲಾದರೆ ಪಿಕಾರ್ಡ್ ಮೇಲೆ ಅನುಮಾನವೇ ಬರಬಾರದಿತ್ತು. 1996ರ 'ಫಸ್ಟ್ ಕಾಂಟ್ಯಾಕ್ಟ್' ಚಿತ್ರದಲ್ಲಿ ಬೋರ್ಗ್ ಹಡಗು ಭೂಮಿಯತ್ತ ನುಗ್ಗಿ ಬರುವಾಗ ಸ್ಟಾರ್‌ಫ್ಲೀಟ್ ಅವನನ್ನು ಯುದ್ಧದಿಂದ ದೂರವಿಟ್ಟು ಗಡಿ ಕಾಯಲು ಕಳಿಸುತ್ತದೆ. ಒಮ್ಮೆ ಅವರ ಕೈಗೆ ಸಿಕ್ಕವನು ಮತ್ತೆ ಅವರನ್ನು ಎದುರಿಸುವುದು ಅಪಾಯ ಎಂಬುದೇ ಕಾರಣ. ಸರಿ, ಅಪಾಯವೇ ಇರಬಹುದು. ಆದರೆ ಅದಕ್ಕೆ ಮೊದಲು ಅಷ್ಟೂ ವರ್ಷ ಪಡೆಯ ಹೆಮ್ಮೆಯ ಹಡಗಾದ ಎಂಟರ್‌ಪ್ರೈಸನ್ನು ನಡೆಸಿದ್ದು ಇದೇ ಪಿಕಾರ್ಡ್. ಅವನ ತಲೆಯಲ್ಲಿದ್ದ ಯುದ್ಧಜ್ಞಾನ ಬಳಸಿಯೇ ಬೋರ್ಗ್ ವುಲ್ಫ್ 359ರಲ್ಲಿ 39 ಹಡಗು ನಾಶಮಾಡಿತು, ಸುಮಾರು ಹನ್ನೊಂದು ಸಾವಿರ ಜನ ಸತ್ತರು. ಸೆವೆನ್ ಮೇಲೆ ಸ್ಟಾರ್‌ಫ್ಲೀಟ್‌ನ ಅಷ್ಟು ಜನರ ರಕ್ತವಿಲ್ಲ.

ಇನ್ನೊಂದು ಕಡೆಯಿಂದಲೂ ಅವಧಿಯ ವಾದ ಮುರಿಯುತ್ತದೆ. ಎರಡನೆಯ ಭಾಗದ ಕೊನೆಗೆ ಪಿಕಾರ್ಡ್ ಒಂದೇ ಮಾತಿನಲ್ಲಿ ಸೆವೆನ್ ಕೈಗೆ ಸ್ಟಾರ್‌ಗೇಜರ್ ಹಡಗನ್ನು ಒಪ್ಪಿಸುತ್ತಾನೆ. ಮೂರನೆಯ ಭಾಗದಲ್ಲಿ ಅವಳು ಟೈಟನ್ ಹಡಗಿನ ಕಮಾಂಡರ್. ಆ ಹದಿನೆಂಟು ವರ್ಷ ಎಲ್ಲಿಗೆ ಹೋದವು? ಅವು ಕಡಿಮೆಯಾಗಲಿಲ್ಲ, ಅಡ್ಡಿ ಮಾತ್ರ ಮಾಯವಾಯಿತು. ಅಷ್ಟಕ್ಕೂ ಈ ಅವಧಿಯ ನಿಯಮವನ್ನು ಕತೆಯಲ್ಲಿ ಯಾರೂ ಹೇಳಿಲ್ಲ. ಗೆಳೆಯರೇ ಅದನ್ನು ಹೊಸೆದು, ಹರಿದ ಜಾಗಕ್ಕೆ ತೇಪೆ ಹಚ್ಚಿದ್ದಾರೆ.

ಅಕ್ಕಲಕೋಟೆಯವರಿಗೆ ಈ ಮಾತು ಬೇಗ ಅರ್ಥವಾಗಬೇಕು. 1948ರವರೆಗೆ ಸಂಸ್ಥಾನ, ಆಮೇಲೆ ಮುಂಬಯಿ ಪ್ರಾಂತ, 1960ರಿಂದ ಮಹಾರಾಷ್ಟ್ರ. ಮನೆ ಕದಲದಿದ್ದರೂ ವಿಳಾಸ ಬದಲಾದ ಊರು. ರಾಜ್ಯಗಳ ಗಡಿ ಕುರಿತ 1967ರ ಮಹಾಜನ ವರದಿ ಈ ತಾಲ್ಲೂಕು ಮೈಸೂರು ರಾಜ್ಯಕ್ಕೆ ಸೇರಲಿ ಎಂದಿತು, ಅದು ಜಾರಿಗೆ ಬರಲಿಲ್ಲ. ಆ ವರದಿಯ ಮೇಲಿನ ಜಗಳವೆಲ್ಲ ಅಳತೆಗೋಲಿನ ಜಗಳವೇ: ಒಂದು ಊರಿಗೆ ಬಳಸಿದ ಮಾನದಂಡವನ್ನು ಇನ್ನೊಂದಕ್ಕೂ ಬಳಸಿದರೋ ಇಲ್ಲವೋ? ಮಹಾರಾಷ್ಟ್ರದ ರಾಜಕಾರಣಿ ಎ. ಆರ್. ಅಂತುಳೆ ಅದರ ವಿರುದ್ಧ ಪುಸ್ತಕವನ್ನೇ ಬರೆದರು. ಗಡಿಯ ಎರಡೂ ಕಡೆಯವರು ಈ ಪ್ರಶ್ನೆಯನ್ನು ಸಣ್ಣತನ ಎಂದು ಎಂದೂ ತಳ್ಳಿಹಾಕಿಲ್ಲ. ಒಂದು ಗುಂಪಿಗೆ ಸೇರಿದವರು ಯಾರು, ಹೊರಗಿನವರು ಯಾರು ಎಂದು ತೀರ್ಮಾನಿಸುವ ಕತೆಗೂ ಅದೇ ಪ್ರಶ್ನೆ ಕೇಳಬೇಕು.

ಮೂರನೆಯ ಸಮರ್ಥನೆ 2023ರ ಮೂರನೆಯ ಭಾಗವನ್ನು ಆಶ್ರಯಿಸಿದೆ. ಬೋರ್ಗ್ ಪಿಕಾರ್ಡ್‌ನ ವಂಶವಾಹಿಯಲ್ಲೇ ಗುಟ್ಟಾಗಿ ಏನನ್ನೋ ಬಿತ್ತಿತ್ತು. ವೈದ್ಯರು ಮಿದುಳಿನ ಕಾಯಿಲೆ ಎಂದುಕೊಂಡಿದ್ದದ್ದು ಅದನ್ನೇ. ಅದು ಮಗ ಜ್ಯಾಕ್‌ಗೂ ಇಳಿದು ಬಂತು. ಇದರಿಂದ ಎಲ್ಲ ಗೊಂದಲವೂ ಬಗೆಹರಿಯಿತು ಎನ್ನುತ್ತಾರೆ ಗೆಳೆಯರು. ನನಗೆ ಕಾಣುವಂತೆ ಒಂದೂ ಬಗೆಹರಿಯಲಿಲ್ಲ, ಹೊಸ ಗೊಂದಲ ಸೇರಿತು. ಹುಟ್ಟುವ ಮಕ್ಕಳಿಗೂ ಇಳಿಯುವ ಗುರುತು ಹಾಕಬಲ್ಲ ಬೋರ್ಗ್ ಒಬ್ಬನಿಗಷ್ಟೇ ಹಾಕಿ ಸುಮ್ಮನಾಯಿತೇ? 2000ದ 'ಯೂನಿಮ್ಯಾಟ್ರಿಕ್ಸ್ ಜೀರೋ' ಕಂತುಗಳಲ್ಲಿ ವಾಯೇಜರ್ ಹಡಗಿನ ಬೆಲಾನಾ ಟೊರೆಸ್ ಬೋರ್ಗ್ ಆಗಿ ಮರಳಿದಳು. 2001ರ ಕೊನೆಯ ಕಂತಿನಲ್ಲಿ ಅವಳಿಗೆ ಹೆಣ್ಣುಮಗು ಹುಟ್ಟಿತು. ಜ್ಯಾಕ್‌ನ ಗುಟ್ಟು ಬಯಲಾದಾಗ ಆ ಮಗು ಮಿರಾಲ್‌ಳನ್ನು ಪರೀಕ್ಷಿಸಬೇಕೆಂದು ಯಾವ ವೈದ್ಯರಿಗೂ ಹೊಳೆಯಲಿಲ್ಲ. 'ಲೋಕ್ಯುಟಸ್ ವಿಶೇಷ' ಎಂಬುದು ಇಲ್ಲಿ ಗೆಳೆಯರ ಉತ್ತರ. ವಿಶೇಷ ಎಂದರೆ ಏನು, ಏಕೆ ಎಂದು ಕೇಳಿದರೆ ಮಾತು ಜಾರುತ್ತದೆ. 'ಫಸ್ಟ್ ಕಾಂಟ್ಯಾಕ್ಟ್' ಚಿತ್ರದಲ್ಲಿ ಪಿಕಾರ್ಡ್‌ಗೆ ಬೋರ್ಗ್ ದನಿ ಕೇಳುವುದನ್ನು ಪುರಾವೆಯಾಗಿ ತೋರಿಸುತ್ತಾರೆ. ಆ ಪುರಾವೆ ಅವರಿಗೇ ತಿರುಗುತ್ತದೆ: ಬೋರ್ಗ್ ದನಿ ಇನ್ನೂ ಕೇಳುತ್ತದೆ ಎಂದು ಗೊತ್ತಾದ ಮನುಷ್ಯನ ಮಿದುಳಿನ ದೋಷವನ್ನು ಮಾಮೂಲು ಕಾಯಿಲೆ ಎಂದು ಬರೆದಿಟ್ಟ ವೈದ್ಯರ ಬಗ್ಗೆ ಏನು ಹೇಳೋಣ?

ದೇಹದೊಳಗಿನ ಯಂತ್ರದ ವಿಷಯದಲ್ಲಿ ಗೆಳೆಯರು ಹೇಳುವುದನ್ನು ನಾನು ಒಪ್ಪುತ್ತೇನೆ. ಪಿಕಾರ್ಡ್ ಮೈಯಿಂದ ಎಲ್ಲವನ್ನೂ ತೆಗೆದರು, ಸೆವೆನ್‌ಗೆ ಕೆಲವು ಇಲ್ಲದೆ ಬದುಕಿಲ್ಲ. ಅದಕ್ಕೆ ಅವಧಿ ಕಾರಣವೆಂದರೆ ತಕರಾರಿಲ್ಲ.

ಕೊನೆಯ ಸಮರ್ಥನೆ ಜಾಣತನದ್ದು: ಜನರ ದ್ವೇಷಕ್ಕೆ ತರ್ಕವಿರುವುದಿಲ್ಲ, ಒಬ್ಬರನ್ನು ಒಪ್ಪಿ ಇನ್ನೊಬ್ಬರನ್ನು ದೂಡುವುದೇ ಲೋಕ, ಸರಣಿ ಅದನ್ನೇ ತೋರಿಸಿದೆ. ಟೈಟನ್‌ನ ಕ್ಯಾಪ್ಟನ್ ಶಾನನ್ನು ಉದಾಹರಣೆ ಕೊಡುತ್ತಾರೆ. ಶಾ ವುಲ್ಫ್ 359ರಲ್ಲಿ ಬದುಕುಳಿದವನು. ಸೆವೆನ್‌ಳನ್ನು ಅವಳಿಗೆ ಬೇಕಾದ ಹೆಸರಿನಿಂದ ಕರೆಯಲು ಒಪ್ಪದೆ ಹುಟ್ಟುಹೆಸರು ಹಿಡಿದು 'ಹ್ಯಾನ್ಸೆನ್' ಎನ್ನುತ್ತಾನೆ, ಪಿಕಾರ್ಡ್ ಮುಖಕ್ಕೇ ಸತ್ತ ಗೆಳೆಯರ ಲೆಕ್ಕ ಹೇಳುತ್ತಾನೆ. ಆ ದೃಶ್ಯ ಸರಣಿಯ ಶಿಖರ ಎಂದೇ ನಾನು ಭಾವಿಸುತ್ತೇನೆ. ಅದು ಗೆಲ್ಲುವುದೇ ಅಲ್ಲಿ ದ್ವೇಷದ ಮೂಲವನ್ನು ತೆರೆದಿಟ್ಟಿರುವುದರಿಂದ, ಅವನ ಸಿಟ್ಟು ಎಲ್ಲಿಂದ ಬಂತೆಂದು ನಮಗೆ ತಿಳಿಯುವುದರಿಂದ. ಸೆವೆನ್ ಅರ್ಜಿ ತಿರಸ್ಕರಿಸಿದವರು ಒಬ್ಬ ಗಾಯಗೊಂಡ ಮನುಷ್ಯನಲ್ಲ, ಒಂದು ಸಂಸ್ಥೆ. ಸಂಸ್ಥೆಯೂ ಪಕ್ಷಪಾತ ಮಾಡೀತು, ಆದರೆ ಪಕ್ಷಪಾತವನ್ನು ತೋರಿಸುವ ಕತೆಗೆ ಅದು ಪಕ್ಷಪಾತವೆಂದು ಗೊತ್ತಿರಬೇಕು. ಇಲ್ಲಿ ಗೊತ್ತಿಲ್ಲ ಎನ್ನಲು ಆ ತಿರಸ್ಕಾರದ ವಿವರವೇ ಸಾಕ್ಷಿ. ಸೆವೆನ್ ಪರವಾಗಿ ಹೋರಾಡಿ, ಅವಳನ್ನು ಸೇರಿಸಿಕೊಳ್ಳದಿದ್ದರೆ ರಾಜೀನಾಮೆ ಕೊಡುತ್ತೇನೆ ಎಂದು ಬೆದರಿಸಿದವಳು ವಾಯೇಜರ್ ಹಡಗಿನ ಕ್ಯಾಪ್ಟನ್ ಆಗಿದ್ದ ಜೇನ್‌ವೇ. ಟೊರೆಸ್ ಜತೆಗೆ 2000ದಲ್ಲಿ ಬೋರ್ಗ್ ಆಗಿ ಮರಳಿದ ಇನ್ನಿಬ್ಬರು ಯಾರು? ಅದೇ ಹಡಗಿನ ಟುವಾಕ್ ಮತ್ತು ಇದೇ ಜೇನ್‌ವೇ. ಅವಳ ಮೈಯಲ್ಲೂ ಯಂತ್ರ ಹೊಕ್ಕಿತ್ತು. 2002ರ ಚಿತ್ರದ ಹೊತ್ತಿಗೆ ಸ್ಟಾರ್‌ಫ್ಲೀಟ್ ಅವಳನ್ನು ಅಡ್ಮಿರಲ್ ಮಾಡಿತ್ತು. ಟುವಾಕ್ ಕೂಡ ಕ್ಯಾಪ್ಟನ್ ಆದ. 2023ರ ಕೊನೆಯ ಕಂತಿನಲ್ಲಿ ಮೇಜಿನ ಆಚೆ ಕುಳಿತು, ಶಾ ಬರೆದಿಟ್ಟ ಶಿಫಾರಸನ್ನು ಸೆವೆನ್‌ಗೆ ಕೇಳಿಸಿ, ಅವಳ ಬಡ್ತಿಯ ವಿಷಯ ತಿಳಿಸುವವನೂ ಅವನೇ.