ಪಿಕಪ್ ವಾಹನ: ಮಾಲೀಕರ ಬಯಕೆಯೂ ಲೆಕ್ಕದ ಪುಸ್ತಕವೂ

ಕಲಘಟಗಿ ತಾಲ್ಲೂಕಿನ ವ್ಯಾಪಾರವು ಇಂದು ಬಹುಮಟ್ಟಿಗೆ ಪಿಕಪ್ ವಾಹನದ ಬೆನ್ನ ಮೇಲೆ ಸಾಗುತ್ತಿದೆ ಎಂದರೆ ಅತಿಶಯೋಕ್ತಿಯಾಗಲಾರದು. ಮಿಶ್ರಿಕೋಟಿ, ದುಮ್ಮವಾಡ, ದೇವಿಕೊಪ್ಪ, ತಬಕದಹೊನ್ನಳ್ಳಿಗಳ ಕಡೆಯಿಂದ ಗೋವಿನಜೋಳ ಮತ್ತು ಭತ್ತ ಪೇಟೆಗೆ ಬರುವುದೂ, ಹುಬ್ಬಳ್ಳಿಯಿಂದ ಗೊಬ್ಬರ, ಸಿಮೆಂಟು, ಕಬ್ಬಿಣದ ಸರಳು, ಕಿರಾಣಿ ಸರಕು ಹಳ್ಳಿಯ ಅಂಗಡಿಗಳಿಗೆ ತಲುಪುವುದೂ ಹೆಚ್ಚಾಗಿ ಈ ವಾಹನದಲ್ಲಿಯೇ. ಹುಬ್ಬಳ್ಳಿ ಇಲ್ಲಿಂದ ಸುಮಾರು 30 ಕಿಲೋಮೀಟರು. ಅಷ್ಟು ಸಮೀಪದ ದಾರಿಗೆ ದೊಡ್ಡ ಲಾರಿ ತುಂಬುವಷ್ಟು ಸರಕು ಒಬ್ಬ ವ್ಯಾಪಾರಸ್ಥನಲ್ಲಿ ಇರುವುದಿಲ್ಲ. ಮೂರು ಚಕ್ರದ ಗಾಡಿಗೆ ಅದು ಮೀರಿದ ಹೊರೆ. ಈ ನಡುವಣ ಸ್ಥಾನವನ್ನು ಪಿಕಪ್ ತುಂಬಿದೆ.

ಒಂದು ಕಾಲಕ್ಕೆ ಚಕ್ಕಡಿ ಮತ್ತು ಮೆಟಡೋರ್ ಮಾಡುತ್ತಿದ್ದ ಕೆಲಸವಿದು. 1980ರ ದಶಕದ ಕೊನೆಯಲ್ಲಿ ಟಾಟಾ ಸಂಸ್ಥೆಯ ಟಾಟಾಮೊಬೈಲ್ ಬಂದಿತು. 2005ರಲ್ಲಿ ಟಾಟಾ ಏಸ್ ಬಂದು ಸಣ್ಣ ಸರಕು ವಾಹನದ ಮಾರುಕಟ್ಟೆಯ ಸ್ವರೂಪವನ್ನೇ ಬದಲಿಸಿತು. 2011ರಲ್ಲಿ ಅಶೋಕ್ ಲೇಲ್ಯಾಂಡ್ ದೋಸ್ತ್, 2017ರಲ್ಲಿ ಟಾಟಾ ಯೋಧ, 2022ರಿಂದ ಮಹೀಂದ್ರ ಬೊಲೆರೊ ಮ್ಯಾಕ್ಸ್ ಶ್ರೇಣಿ, ಹೀಗೆ ಆಯ್ಕೆಗಳು ಬೆಳೆದಿವೆ. ಆದರೂ ವಾಹನ ಕೊಂಡವರ ಬಾಯಲ್ಲಿ 'ಇದೊಂದು ಇದ್ದಿದ್ದರೆ ಚೆನ್ನಾಗಿತ್ತು' ಎಂಬ ಮಾತು ನಿಂತಿಲ್ಲ. ಆ ಮಾತುಗಳಲ್ಲಿ ಯಾವುದಕ್ಕೆ ಹಣ ತೆರುವುದು ಲಾಭದಾಯಕ, ಯಾವುದು ಬರಿಯ ಆಸೆ ಎಂಬುದನ್ನು ವಿಚಾರಿಸುವುದು ಉಪಯುಕ್ತ.

ಎಲ್ಲಕ್ಕಿಂತ ಮೊದಲು ಕೇಳಿಬರುವ ಬೇಡಿಕೆ ಇನ್ನಷ್ಟು ಭಾರ ಹೊರುವ ಶಕ್ತಿ. ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ವಾಹನದ ಎಂಜಿನ್ ಎಷ್ಟು ಎಳೆಯಬಲ್ಲದು ಎಂಬುದಕ್ಕೂ ಎಷ್ಟು ಹೇರಲು ಕಾನೂನು ಒಪ್ಪುತ್ತದೆ ಎಂಬುದಕ್ಕೂ ನೇರ ಸಂಬಂಧವಿಲ್ಲ. ನೋಂದಣಿ ಪತ್ರದಲ್ಲಿ ಎರಡು ಅಂಕಿಗಳಿರುತ್ತವೆ: ಸರಕು ಸಹಿತ ಒಟ್ಟು ತೂಕ ಮತ್ತು ಖಾಲಿ ತೂಕ. ಇವೆರಡರ ಅಂತರವೇ ಹೇರಬಹುದಾದ ಹೊರೆ. ಮಾಲೀಕರು ಸೇರಿಸುವ ಪ್ರತಿಯೊಂದು ಕಬ್ಬಿಣದ ಪಟ್ಟಿ, ಎತ್ತರಿಸಿದ ಜಾಲರಿ, ಹೆಚ್ಚುವರಿ ಕಮಾನು ಪಟ್ಟಿ ಈ ಅಂತರವನ್ನು ಕಡಿಮೆ ಮಾಡುತ್ತದೆಯೇ ಹೊರತು ಹೆಚ್ಚಿಸುವುದಿಲ್ಲ. ಗ್ಯಾರೇಜಿನಲ್ಲಿ ಕಮಾನು ಸೇರಿಸಿಕೊಂಡು 'ಗಾಡಿ ಈಗ ಮೂರು ಟನ್ ಹೊರುತ್ತದೆ' ಎಂದು ಹೆಮ್ಮೆಪಡುವವರು, ತಯಾರಕರ ವಿನ್ಯಾಸವನ್ನು ಅನುಮತಿಯಿಲ್ಲದೆ ಬದಲಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ನಿಷೇಧಿಸಿದೆ ಎಂಬುದನ್ನು ಮರೆತಿರುತ್ತಾರೆ.

2019ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ಅಧಿಕ ಭಾರಕ್ಕೆ 20,000 ರೂಪಾಯಿ, ಅದರ ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000 ರೂಪಾಯಿ ದಂಡವನ್ನು ಕಾಯ್ದೆ ಹೇಳುತ್ತದೆ. ಹೆಚ್ಚುವರಿ ಸರಕನ್ನು ಇಳಿಸುವ ವೆಚ್ಚ ಪ್ರತ್ಯೇಕ. ಹೊಣೆ ಚಾಲಕನಿಗೆ ಮಾತ್ರವಲ್ಲ, ಹಾಗೆ ಓಡಿಸಲು ಬಿಟ್ಟವರಿಗೂ ಉಂಟು. ಇನ್ನೊಂದು ಸೂಕ್ಷ್ಮವನ್ನು ವ್ಯಾಪಾರಸ್ಥರು ಗಮನಿಸಬೇಕು. ಕಾಯ್ದೆಯ ಉಲ್ಲಂಘನೆಗಾಗಿ ತೆತ್ತ ದಂಡವನ್ನು ಆದಾಯ ತೆರಿಗೆ ಲೆಕ್ಕದಲ್ಲಿ ವ್ಯಾಪಾರದ ಖರ್ಚೆಂದು ಕಳೆಯಲು ಬರುವುದಿಲ್ಲ. ಒಂದು ಖೇಪಿಗೆ ಹತ್ತು ಚೀಲ ಹೆಚ್ಚು ಹೇರಿ ಉಳಿಸಿದ ಬಾಡಿಗೆಯ ಮೇಲೆ ತೆರಿಗೆ ಬೀಳುತ್ತದೆ. ಅದಕ್ಕಾಗಿ ತೆತ್ತ ದಂಡದ ಮೇಲೆ ವಿನಾಯಿತಿ ಇಲ್ಲ. ಹೊರೆಯ ಆಸೆಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಡ.

ಆದರೆ ಕಲಘಟಗಿಯ ಸರಕೆಲ್ಲ ಭಾರದ ಸರಕಲ್ಲ ಎಂಬುದು ಇಲ್ಲಿನ ವಿಶೇಷ. ಈ ಊರಿನ ಹೆಸರನ್ನು ದೂರದವರೆಗೆ ಒಯ್ದಿರುವ ಬಣ್ಣದ ಮರದ ತೊಟ್ಟಿಲನ್ನೇ ನೋಡಬಹುದು. ಸಾಗವಾನಿ ಕಟ್ಟಿಗೆ, ಅರಗಿನ ಬಣ್ಣ, ಅದರ ಮೇಲೆ ಕೈಯಿಂದ ಬರೆದ ಚಿತ್ರ: ತಿಂಗಳುಗಟ್ಟಲೆ ಶ್ರಮದ ವಸ್ತು. ಅದು ವಾಹನದಲ್ಲಿ ಬೇಡುವುದು ತೂಕವನ್ನಲ್ಲ, ಜಾಗವನ್ನು. ಅದಕ್ಕಿಂತ ಹೆಚ್ಚಾಗಿ ಕುಲುಕಾಟವಿಲ್ಲದ ಸಾಗಾಟವನ್ನು. ಏಪ್ರಿಲ್-ಮೇ ತಿಂಗಳ ಮಾವಿನ ಕ್ರೇಟುಗಳ ಕಥೆಯೂ ಇದೇ. ಪೂರ್ಣ ಹೊರೆಗೆಂದು ರೂಪಿಸಿದ ಹಿಂಬದಿಯ ಕಮಾನು ಪಟ್ಟಿಗಳು ಅರೆ ಹೊರೆಯಲ್ಲಿ ಬಾಗುವುದೇ ಇಲ್ಲ. ರಸ್ತೆಯ ಪ್ರತಿಯೊಂದು ತಗ್ಗೂ ನೇರವಾಗಿ ಸರಕಿಗೆ ತಾಗುತ್ತದೆ. ಒಂದೂವರೆ ಟನ್ ಸಿಮೆಂಟು ಹೇರಿದಾಗ ಹಾಯಾಗಿ ಸಾಗುವ ಗಾಡಿ ಮುನ್ನೂರು ಕಿಲೋ ಹೇರಿದಾಗ ಕುಪ್ಪಳಿಸುತ್ತದೆ. ಹೀಗೆ ಕುಪ್ಪಳಿಸಿ ತಲುಪಿದ ಆಪೂಸಿನ ಮೈಮೇಲಿನ ಕಲೆ ಆ ಹೊತ್ತಿಗೆ ಕಾಣುವುದಿಲ್ಲ. ಎರಡು ದಿನ ಬಿಟ್ಟು, ಹಣ್ಣಾಗುವಾಗ ಕಾಣುತ್ತದೆ. ನಷ್ಟ ಮಾತ್ರ ಬೆಳೆದವನ ಅಥವಾ ಅಡತಿ ಅಂಗಡಿಯ ಖಾತೆಗೆ ಬರುತ್ತದೆ.

ಆದ್ದರಿಂದ ಕಡಿಮೆ ಹೊರೆಯಲ್ಲಿ ಮೆತ್ತಗೆ, ಹೆಚ್ಚು ಹೊರೆಯಲ್ಲಿ ಗಟ್ಟಿಯಾಗಿ ವರ್ತಿಸುವ ಎರಡು ಹಂತದ ಕಮಾನು ವ್ಯವಸ್ಥೆ ಇಲ್ಲಿನ ಮಾಲೀಕರ ಅತ್ಯಂತ ನ್ಯಾಯವಾದ ಬೇಡಿಕೆ ಎನ್ನಬೇಕಾಗುತ್ತದೆ. ಇದು ಹೊಸ ಶೋಧನೆಯೇನೂ ಅಲ್ಲ. ಮುಖ್ಯ ಕಮಾನು ಸಾಕಷ್ಟು ಬಾಗಿದ ನಂತರವೇ ಸಹಾಯಕ ಕಮಾನು ಹೊರೆಯನ್ನು ಹಂಚಿಕೊಳ್ಳುವ ಏರ್ಪಾಡು ಲಾರಿಗಳಲ್ಲಿ ಹಳೆಯದು. ಪಿಕಪ್‌ನಲ್ಲಿ ಅದನ್ನು ಯಾವ ತೂಕಕ್ಕೆ ಹೊಂದಿಸಲಾಗಿದೆ ಎಂಬುದೇ ಪ್ರಶ್ನೆ. ಮಾರಾಟಗಾರರ ಕರಪತ್ರದಲ್ಲಿ ಗರಿಷ್ಠ ಹೊರೆಯ ಅಂಕಿ ದೊಡ್ಡ ಅಕ್ಷರದಲ್ಲಿ ಇರುತ್ತದೆ. ಅರೆ ಹೊರೆಯ ವಿಷಯ ಎಲ್ಲಿಯೂ ಇರುವುದಿಲ್ಲ. ಪರೀಕ್ಷೆಗೆಂದು ಗಾಡಿಯನ್ನು ಖಾಲಿಯಾಗಿ ಓಡಿಸಿ ನೋಡುವ ನಮ್ಮ ಖರೀದಿದಾರರ ಪದ್ಧತಿಯೂ ಇದಕ್ಕೆ ಅಷ್ಟೇ ಕಾರಣ.

ಸರಕಿನ ಪೆಟ್ಟಿಗೆಯ ಬಗೆಗಿನ ಬೇಡಿಕೆಗಳು ಸಣ್ಣವು, ಖರ್ಚೂ ಸಣ್ಣದು. ಹಗ್ಗ ಬಿಗಿಯಲು ಗಟ್ಟಿ ಕೊಕ್ಕೆಗಳು ಒಳಬದಿಯಲ್ಲಿಯೂ ಇರಬೇಕು, ಹಮಾಲರಿಗೆ ಹತ್ತಲು ಮೆಟ್ಟಿಲಿರಬೇಕು, ಮಳೆಗಾಲದ ತಾಡಪತ್ರಿಗೆ ಬಿಚ್ಚಿ ಹಾಕಬಹುದಾದ ಕಮಾನುಗಳಿರಬೇಕು, ಹೊರೆಯ ನೆಲ ಸಾಧ್ಯವಾದಷ್ಟು ತಗ್ಗಿರಬೇಕು. ಐವತ್ತು ಕಿಲೋ ಚೀಲವನ್ನು ದಿನಕ್ಕೆ ನೂರು ಸಲ ಎತ್ತುವ ಹಮಾಲನಿಗೆ ನಾಲ್ಕು ಅಂಗುಲದ ಎತ್ತರವೂ ಹೆಚ್ಚೇ. ಉದ್ದದ ವಿಷಯ ಮಾತ್ರ ತುಸು ಗಂಭೀರ. ಬೊಲೆರೊ ಮ್ಯಾಕ್ಸ್‌ನ ದೊಡ್ಡ ಮಾದರಿಯಲ್ಲಿ ಪೆಟ್ಟಿಗೆಯ ಉದ್ದ ಸುಮಾರು 10 ಅಡಿ. ಕಬ್ಬಿಣದ ಸರಳು 12 ಮೀಟರಿನದು. ಮಧ್ಯದಲ್ಲಿ ಮಡಚಿದರೂ 6 ಮೀಟರು, ಅಂದರೆ 20 ಅಡಿ. ಉಳಿದರ್ಧ ಹಿಂದಕ್ಕೆ ಚಾಚಿ ನಿಲ್ಲುತ್ತದೆ. ಸಂಜೆಗತ್ತಲಲ್ಲಿ ಹಿಂದಿನಿಂದ ಬರುವ ದ್ವಿಚಕ್ರ ಸವಾರನಿಗೆ ಅದು ಏನಾಗಬಹುದು ಎಂಬುದನ್ನು ವಿವರಿಸಬೇಕಿಲ್ಲ. ಹೊರಚಾಚುವ ಸರಕಿಗೂ 20,000 ರೂಪಾಯಿ ದಂಡವನ್ನು 2019ರ ತಿದ್ದುಪಡಿ ಸೇರಿಸಿದೆ. ಚಾಲಕ ಕೊಠಡಿಯ ಮೇಲೆ ಸರಳು, ಪೈಪು ಮಲಗಿಸುವ ಚೌಕಟ್ಟನ್ನು ಮಾಲೀಕರು ಬಯಸುವುದುಂಟು. ಆದರೆ ಇಪ್ಪತ್ತು ಅಡಿಯ ಸರಕಿಗೆ ಅದೂ ಪೂರ್ಣ ಪರಿಹಾರವಲ್ಲ. ಹಾರ್ಡ್‌ವೇರ್ ವ್ಯಾಪಾರಸ್ಥರು ಸರಳನ್ನು ಗ್ರಾಹಕರ ಅಳತೆಗೆ ಅಂಗಡಿಯಲ್ಲಿಯೇ ಕತ್ತರಿಸಿ ಕೊಡುವುದು, ಇಲ್ಲವೆ ಅದಕ್ಕೆ ಲಾರಿಯನ್ನೇ ಗೊತ್ತುಮಾಡುವುದು ಸರಿಯಾದ ದಾರಿ.

ಜೂನ್ ಬಂದಿತೆಂದರೆ ಬೇಡಿಕೆಯ ಧಾಟಿ ಬದಲಾಗುತ್ತದೆ. ಮಲೆನಾಡಿನ ಅಂಚಿನ ಈ ತಾಲ್ಲೂಕಿನಲ್ಲಿ ಹೊಲದ ದಾರಿಗಳು ಕೆಸರಾಗುತ್ತವೆ. ಹಿಂದಿನ ಚಕ್ರಗಳಿಂದ ನೂಕುವ ಪಿಕಪ್ ಖಾಲಿಯಿರುವಾಗ ಹಿಂಬದಿಯಲ್ಲಿ ತೂಕವಿಲ್ಲದೆ ಒಂದೇ ಚಕ್ರವನ್ನು ತಿರುಗಿಸುತ್ತ ನಿಲ್ಲುತ್ತದೆ. ಡಿಫರೆನ್ಷಿಯಲ್ ಎಂಬ ಅಂಗ ಜಾರುವ ಚಕ್ರವನ್ನು ತಿರುಗಲು ಬಿಟ್ಟು, ಹಿಡಿತವಿರುವ ಚಕ್ರವನ್ನು ಸುಮ್ಮನಿರಿಸುವುದೇ ಇದಕ್ಕೆ ಕಾರಣ. ನಾಲ್ಕೂ ಚಕ್ರಗಳ ಚಾಲನೆ ಬೇಕೆಂದು ಹಲವರು ಹೇಳುತ್ತಾರೆ. ಅದು ಬೆಲೆಯನ್ನೂ, ಖಾಲಿ ತೂಕವನ್ನೂ, ಡೀಸೆಲ್ ಖರ್ಚನ್ನೂ ಏರಿಸುತ್ತದೆ. ವರ್ಷದಲ್ಲಿ ಮೂರು ತಿಂಗಳ ಕೆಸರಿಗಾಗಿ ಒಂಬತ್ತು ತಿಂಗಳು ಡಾಂಬರು ರಸ್ತೆಯ ಮೇಲೆ ಆ ಹೆಚ್ಚುವರಿ ಯಂತ್ರವನ್ನು ಹೊತ್ತು ತಿರುಗುವುದು ಲೆಕ್ಕಕ್ಕೆ ಕೂಡುವುದಿಲ್ಲ. ಜಾರುವ ಚಕ್ರವನ್ನು ಇನ್ನೊಂದಕ್ಕೆ ಬಂಧಿಸುವ ಲಾಕ್ ಉಳ್ಳ ಡಿಫರೆನ್ಷಿಯಲ್ ಇದರ ಬಹುಪಾಲು ಪ್ರಯೋಜನವನ್ನು ಕಡಿಮೆ ಖರ್ಚಿನಲ್ಲಿ ಕೊಡುತ್ತದೆ. ಇದನ್ನು ಸರಕು ಪಿಕಪ್‌ಗಳಲ್ಲಿ ಐಚ್ಛಿಕವಾಗಿಯಾದರೂ ಒದಗಿಸಲು ತಯಾರಕರು ಹಿಂಜರಿಯಬಾರದು.

ಮಾಲೀಕರು ಅಷ್ಟಾಗಿ ಕೇಳದ, ಆದರೆ ಕೇಳಲೇಬೇಕಾದ ಒಂದು ಸಂಗತಿ ಇದೆ. ಅದು ಆಸನ. ಚಾಲಕನ ಹೊರತು ಒಬ್ಬಿಬ್ಬರು ಕೂಡುವ ಕೊಠಡಿಯ ಗಾಡಿಗೆ ಸರಕು ಇಳಿಸಲು ನಾಲ್ವರು ಹಮಾಲರು ಬೇಕಾಗುತ್ತದೆ. ಉಳಿದವರು ಎಲ್ಲಿ ಕೂಡುತ್ತಾರೆ? ಚೀಲಗಳ ಮೇಲೆ. ಭತ್ತದ ನಾಟಿಯ ದಿನಗಳಲ್ಲಿ, ಗೋವಿನಜೋಳದ ಸುಗ್ಗಿಯಲ್ಲಿ ಅದೇ ಪೆಟ್ಟಿಗೆಯಲ್ಲಿ ಹೆಣ್ಣುಮಕ್ಕಳು ನಿಂತು ಹೊಲಕ್ಕೆ ಹೋಗುವುದನ್ನು ನೋಡದವರಾರು? ಅಪಘಾತವಾಗುವವರೆಗೆ ಇದು ಯಾರಿಗೂ ವಿಶೇಷವೆನಿಸುವುದಿಲ್ಲ. ಆದ ನಂತರ ಮಾಲೀಕರಿಗೆ ವಿಮಾ ಪತ್ರದ ನಿಜಸ್ವರೂಪ ತಿಳಿಯುತ್ತದೆ. ಸರಕು ವಾಹನದಲ್ಲಿ ಪುಕ್ಕಟೆಯಾಗಿ ಪ್ರಯಾಣಿಸುವವರ ಹೊಣೆ ಕಾನೂನಿನ ಪ್ರಕಾರ ಕಡ್ಡಾಯವಾದ ವಿಮೆಯ ವ್ಯಾಪ್ತಿಗೆ ಬರುವುದಿಲ್ಲವೆಂದು ಸುಪ್ರೀಂ ಕೋರ್ಟು 2002ರಲ್ಲಿ ನ್ಯೂ ಇಂಡಿಯಾ ಅಶ್ಯೂರೆನ್ಸ್ ವಿರುದ್ಧ ಆಶಾರಾಣಿ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. 1994ರ ತಿದ್ದುಪಡಿಯ ನಂತರ ಸರಕಿನ ಮಾಲೀಕ ಅಥವಾ ಆತನ ಪ್ರತಿನಿಧಿಗೆ ರಕ್ಷಣೆ ಉಂಟು. ವಾಹನ ಮಾಲೀಕನ ನೌಕರರಿಗೆ ಕಾರ್ಮಿಕ ಪರಿಹಾರದ ಮಿತಿಯಲ್ಲಿ ಉಂಟು. ಕೂಲಿಗೆ ಹೊರಟ ಹತ್ತು ಜನರಿಗೆ ಇಲ್ಲ. ವಿಮಾ ಕಂಪನಿ ಮೊದಲು ಹಣ ಕೊಟ್ಟು ನಂತರ ವಾಹನ ಮಾಲೀಕರಿಂದ ವಸೂಲು ಮಾಡಿಕೊಳ್ಳಲಿ ಎಂದು ನ್ಯಾಯಾಲಯಗಳು ಆದೇಶಿಸಿದ ನಿದರ್ಶನಗಳಿವೆ. ಒಂದು ಗಾಡಿಯ ಮಾಲೀಕನ ಮನೆ, ಹೊಲ ಎಲ್ಲವೂ ಅಂಥ ವಸೂಲಿಗೆ ಸಾಲದೆ ಹೋಗಬಹುದು. ಜೀವ ಕಳೆದುಕೊಂಡವರ ಮನೆಯ ಮಾತು ಬೇರೆಯೇ.

ಚಾಲನಾ ಪರವಾನಗಿಯ ವಿಷಯದಲ್ಲಿ ಮಾತ್ರ ಒಂದು ಆತಂಕ ನೀಗಿದೆ. ಲಘು ವಾಹನದ ಪರವಾನಗಿ ಉಳ್ಳವರು 7,500 ಕಿಲೋ ಮೀರದ ಸಾರಿಗೆ ವಾಹನವನ್ನು ಓಡಿಸಬಹುದೆಂದು 2017ರಲ್ಲಿ ಬಂದ ತೀರ್ಪನ್ನು 2024ರ ನವೆಂಬರ್‌ನಲ್ಲಿ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಎತ್ತಿಹಿಡಿದಿದೆ. ಆಸನದ ಪ್ರಶ್ನೆಗೆ ಅಂಥ ಬಿಡುಗಡೆ ಇಲ್ಲ. ಎರಡು ಸಾಲಿನ ಆಸನವುಳ್ಳ ಬೊಲೆರೊ ಕ್ಯಾಂಪರ್‌ನಂಥ ವಾಹನಗಳು ಮಾರುಕಟ್ಟೆಯಲ್ಲಿವೆ, ಆದರೆ ಅವು ಹೊರುವುದು ಸುಮಾರು ಒಂದು ಟನ್ ಮಾತ್ರ. ಪೆಟ್ಟಿಗೆಯ ಉದ್ದವನ್ನು ಅಷ್ಟು ಕಡಿಮೆ ಮಾಡದೆ, ಮಡಚಬಹುದಾದ ಎರಡನೆಯ ಸಾಲಿನಲ್ಲಿ ಮೂವರಿಗೆ ಬೆಲ್ಟು ಸಹಿತ ಸ್ಥಳ ಕೊಡುವ ಮಾದರಿ ಬಂದರೆ, ಇನ್ನೂರು ಕಿಲೋ ಹೊರೆ ಕಡಿಮೆಯಾದರೂ ಅದನ್ನು ಕೊಳ್ಳುವುದು ವಿವೇಕ.

ಹವಾನಿಯಂತ್ರಿತ ಕೊಠಡಿಯನ್ನು ಇನ್ನೂ ಐಷಾರಾಮವೆಂದು ನಗುವ ಮಾಲೀಕರಿದ್ದಾರೆ. 3.5 ಟನ್ ಮೀರಿದ ಒಟ್ಟು ತೂಕದ ಲಾರಿಗಳಿಗೆ 2025ರ ಅಕ್ಟೋಬರ್ 1ರ ನಂತರದ ತಯಾರಿಕೆಯಲ್ಲಿ ಅದು ಕಡ್ಡಾಯವಾಗಿದೆ. ಪಿಕಪ್‌ಗಳು ಆ ಮಿತಿಯ ಕೆಳಗೆ ಉಳಿದುಕೊಂಡವು. ನಿಯಮ ಬರುವವರೆಗೆ ಕಾಯಬೇಕೆಂದೇನೂ ಇಲ್ಲ. ಮೇ ತಿಂಗಳ ಮಧ್ಯಾಹ್ನ ಅಂಕೋಲೆಯವರೆಗೆ ಹೋಗಿ ರಾತ್ರಿ ಅರಬೈಲು ಘಟ್ಟ ಹತ್ತಿ ಮರಳುವ ಚಾಲಕನ ಎಚ್ಚರಕ್ಕೂ ಬೆಲೆಯುಂಟು. 2020ರ ಬಿಎಸ್-6 ನಿಯಮದ ನಂತರ ಬಂದ ಡೀಸೆಲ್ ಎಂಜಿನ್‌ಗಳ ಬಗ್ಗೆ ಇರುವ ದೂರು ಬೇರೆ ತರಹದ್ದು. ಹೊಗೆಯ ಮಸಿಯನ್ನು ಹಿಡಿಯುವ ಸೋಸುಕ ತಾನಾಗಿ ಶುದ್ಧವಾಗಲು ಗಾಡಿ ಕೆಲಕಾಲ ಒಂದೇ ವೇಗದಲ್ಲಿ ಓಡಬೇಕು. ಪೇಟೆಯಿಂದ ಹಳ್ಳಿಗೆ, ಹಳ್ಳಿಯಿಂದ ಪೇಟೆಗೆ ಆರೇಳು ಕಿಲೋಮೀಟರು ಓಡಿ ನಿಲ್ಲುವ ಗಾಡಿಗೆ ಆ ಅವಕಾಶ ಸಿಗುವುದಿಲ್ಲ. ದೀಪ ಉರಿಯುತ್ತದೆ, ಊರಿನ ಮಿಸ್ತ್ರಿಯ ಬಳಿ ಅದನ್ನು ಓದುವ ಯಂತ್ರವಿಲ್ಲ, ಗಾಡಿ ಹುಬ್ಬಳ್ಳಿಗೆ ಹೋಗಬೇಕು. ಒಂದು ದಿನದ ದುಡಿಮೆ ಹೋಯಿತು. ತಾಲ್ಲೂಕು ಕೇಂದ್ರದಲ್ಲಿ ವಾರಕ್ಕೊಮ್ಮೆಯಾದರೂ ಸೇವೆ ದೊರಕುವುದು ಯಾವುದೇ ಹೊಸ ಸೌಲಭ್ಯಕ್ಕಿಂತ ಮುಖ್ಯ.

ಇನ್ನು ತೆರಿಗೆಯ ಮಾತು. ಸರಕು ಸಾಗಣೆ ವಾಹನಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ ಶೇ. 18ಕ್ಕೆ ಇಳಿಯಿತು. ತೆರಿಗೆ ರಹಿತ ಬೆಲೆ 9 ಲಕ್ಷ ರೂಪಾಯಿ ಎಂದಿಟ್ಟುಕೊಂಡರೆ ಉಳಿತಾಯ 90,000 ರೂಪಾಯಿ. ಆದರೆ ಈ ಉಳಿತಾಯ ಎಲ್ಲರದೂ ಅಲ್ಲ. ನಿಯತ ನೋಂದಣಿ ಹೊಂದಿ ಇನ್‌ಪುಟ್ ತೆರಿಗೆ ಜಮೆ ಪಡೆಯುವ ವ್ಯಾಪಾರಸ್ಥರಿಗೆ ಹಿಂದೆಯೂ ಆ ತೆರಿಗೆ ಮರಳಿ ಜಮೆಯಾಗುತ್ತಿತ್ತು. ಅವರಿಗೆ ಈಗಿನ ಲಾಭ ಬಂಡವಾಳ ಕಡಿಮೆ ಸಿಲುಕುವುದಷ್ಟೇ. ಕಾಂಪೊಸಿಷನ್ ಪದ್ಧತಿಯವರಿಗೆ ಮತ್ತು ರೈತರಿಗೆ ಅದು ಪೂರ್ಣ ಉಳಿತಾಯ. ಎರಡು ಸಾಲಿನ ಆಸನದ ವಾಹನ ಕೊಳ್ಳುವವರು ಅದು ಸರಕು ವಾಹನವೆಂದೇ ನೋಂದಣಿಯಾಗಿದೆಯೇ ಎಂದು ನೋಡಿಕೊಳ್ಳಬೇಕು, ಏಕೆಂದರೆ ಜನರನ್ನು ಸಾಗಿಸುವ ಸಣ್ಣ ವಾಹನಕ್ಕೆ ಸಾಮಾನ್ಯವಾಗಿ ಜಮೆ ದೊರೆಯುವುದಿಲ್ಲ. ಜಮೆ ಪಡೆದ ತೆರಿಗೆಯ ಮೊತ್ತದ ಮೇಲೆ ಸವಕಳಿಯನ್ನೂ ಹಾಕುವ ತಪ್ಪು ಈಗಲೂ ಆಗುತ್ತಿದೆ. ಸ್ವಂತ ಸರಕಿಗೆ ಬಳಸುವ ವಾಹನಕ್ಕೆ ಸವಕಳಿ ಶೇ. 15, ಬಾಡಿಗೆಗೆ ಓಡಿಸುವ ಉದ್ಯೋಗದವರಿಗೆ ಶೇ. 30. ಹತ್ತಕ್ಕಿಂತ ಹೆಚ್ಚು ಗಾಡಿ ಇಲ್ಲದೆ, ಗಾಡಿಯೊಂದಕ್ಕೆ ತಿಂಗಳಿಗೆ 7,500 ರೂಪಾಯಿಯ ಅಂದಾಜು ಆದಾಯದ ಪದ್ಧತಿಯನ್ನು ಆರಿಸಿಕೊಂಡವರಿಗೆ ಸವಕಳಿ ಅದರಲ್ಲಿಯೇ ಅಡಗಿದೆ. ಅಂಥವರು ಸೌಲಭ್ಯಗಳಿಗೆ ಹೆಚ್ಚು ತೆತ್ತರೆ ತೆರಿಗೆಯಲ್ಲಿ ಒಂದು ರೂಪಾಯಿಯೂ ಉಳಿಯುವುದಿಲ್ಲ. ಆ ಸೌಲಭ್ಯ ರಸ್ತೆಯ ಮೇಲೆಯೇ ತನ್ನ ಬೆಲೆಯನ್ನು ದುಡಿದು ಕೊಡಬೇಕು.

ಟಾಟಾ ಮೋಟಾರ್ಸ್‌ನ ತಯಾರಿಕಾ ಘಟಕವೇ ಧಾರವಾಡದಲ್ಲಿದೆ; ಎಲ್ಲ ಪ್ರಮುಖ ಸಂಸ್ಥೆಗಳ ಮಾರಾಟಗಾರರೂ ಹುಬ್ಬಳ್ಳಿಯಲ್ಲಿದ್ದಾರೆ. ಬಿಡಿ ಗ್ರಾಹಕನ ಮಾತು ಮಾರಾಟ ಮಳಿಗೆಯ ಬಾಗಿಲಲ್ಲಿಯೇ ನಿಲ್ಲುತ್ತದೆ, ವಾಣಿಜ್ಯ ಸಂಸ್ಥೆಯ ಪತ್ರ ಹಾಗಲ್ಲ. ಎರಡು ಹಂತದ ಕಮಾನು, ಲಾಕ್ ಡಿಫರೆನ್ಷಿಯಲ್, ಎರಡನೆಯ ಸಾಲಿನ ಆಸನ, ತಾಲ್ಲೂಕು ಮಟ್ಟದ ಸೇವೆ: ಈ ನಾಲ್ಕನ್ನು ಬರೆದು ಸದಸ್ಯರ ಸಹಿಯೊಡನೆ ಕಳುಹಿಸಬಹುದು. ಮಾವಿನ ಹಂಗಾಮಿಗೆ ಮುಂಚೆ ಎರಡು-ಮೂರು ಮಾದರಿಗಳನ್ನು ಕಲಘಟಗಿಗೆ ತರಿಸಿ, ಕಾಟಾದ ಮೇಲೆ ತೂಗಿ, ಮುನ್ನೂರು ಕಿಲೋ ಕ್ರೇಟು ಹೇರಿ, ದುಮ್ಮವಾಡದ ರಸ್ತೆಯಲ್ಲಿ ಓಡಿಸಿ ನೋಡಬೇಕೆಂದು ಅದೇ ಪತ್ರದಲ್ಲಿ ಕೇಳಿಕೊಳ್ಳಬಹುದು.