ಜಾತ್ರೆಯ ದಾರಿಯಲ್ಲಿ ಮಗು ಕೇಳುವ ಪ್ರಶ್ನೆ

ಸವದತ್ತಿ ತಾಲೂಕಿನ ಉಗರಗೋಳ, ಎಲ್ಲಮ್ಮನ ಗುಡ್ಡಕ್ಕೆ ಹೊಂದಿಕೊಂಡ ಊರು. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳು ಬಂದವೆಂದರೆ ಕರ್ನಾಟಕ, ಮಹಾರಾಷ್ಟ್ರಗಳಿಂದ ಚಕ್ಕಡಿ, ಟ್ರ್ಯಾಕ್ಟರುಗಳಲ್ಲಿ ಜನರು ಬರುತ್ತಾರೆ. ಹಣೆ ತುಂಬ ಭಂಡಾರ, ತಲೆಯ ಮೇಲೆ ಜಗ, ಕೈಯಲ್ಲಿ ಚೌಡಿಕೆ. ಅವರ ನಡುವೆ ಗಂಡಾಗಿ ಹುಟ್ಟಿ ಸೀರೆಯುಟ್ಟ ಜೋಗಪ್ಪಗಳೂ ಇರುತ್ತಾರೆ. ಇದನ್ನು ನೋಡುತ್ತ ಬೆಳೆಯುವ ಮುಸ್ಲಿಮ್ ಮನೆಯ ಐದು ವರ್ಷದ ಮಗು ಒಂದು ದಿನ ಕೇಳಿಯೇ ಕೇಳುತ್ತದೆ: "ಅಬ್ಬಾ, ಇವರು ಯಾಕೆ ಹೀಗೆ?"

ಆಗ ನಾವು ಏನು ಹೇಳುತ್ತೇವೆ ಎಂಬುದಕ್ಕಿಂತ, ನಮ್ಮ ಮುಖ ಹೇಗಿರುತ್ತದೆ ಎಂಬುದನ್ನು ಮಗು ಮೊದಲು ಓದುತ್ತದೆ. ಮಗುವಿನ ಕೈ ಎಳೆದುಕೊಂಡು "ಅತ್ತ ನೋಡಬೇಡ" ಎಂದು ಗದರಿದರೆ ಅಲ್ಲಿಗೆ ಪಾಠ ಮುಗಿಯಿತು. ಮುಂದೆ ಅದೇ ಮಗು ಓಣಿಯ ಹುಡುಗರೊಡನೆ ಸೇರಿ ಜೋಗಪ್ಪನ ಹಿಂದೆ ಕೂಗುತ್ತ ಓಡಿದರೆ ಬೀದಿಯನ್ನು ದೂರಿ ಪ್ರಯೋಜನವಿಲ್ಲ.

ನಮ್ಮ ಪೋಷಕರ ಅಂಜಿಕೆ ನಮಗೆ ಗೊತ್ತು. ಗೌರವ ಕಲಿಸಿದರೆ ಮಗುವಿನ ತೌಹೀದಿನ ವಿಶ್ವಾಸ ಸಡಿಲವಾದೀತೇ? ಪವಿತ್ರ ಕುರ್‌ಆನಿನಲ್ಲಿ ಇದಕ್ಕೆ ನೇರ ಮಾರ್ಗದರ್ಶನವಿದೆ. ಅಲ್ಲಾಹನನ್ನು ಬಿಟ್ಟು ಇತರರು ಪ್ರಾರ್ಥಿಸುವವುಗಳನ್ನು ನಿಂದಿಸಬಾರದೆಂದು ಅಲ್ ಅನ್‌ಆಮ್ ಅಧ್ಯಾಯದ 108ನೇ ಸೂಕ್ತವು ವಿಶ್ವಾಸಿಗಳನ್ನು ತಡೆಯುತ್ತದೆ. ಅಲ್ ಹುಜುರಾತ್ ಅಧ್ಯಾಯದ 11ನೇ ಸೂಕ್ತವು ಒಬ್ಬರು ಇನ್ನೊಬ್ಬರನ್ನು ಗೇಲಿ ಮಾಡುವುದನ್ನೂ ಅಡ್ಡಹೆಸರಿಟ್ಟು ಕರೆಯುವುದನ್ನೂ ನಿಷೇಧಿಸುತ್ತದೆ. "ನಾವು ಅಲ್ಲಾಹನನ್ನು ಮಾತ್ರ ಆರಾಧಿಸುತ್ತೇವೆ. ಅವರ ರೀತಿ ಬೇರೆ. ಬಿಸಿಲಲ್ಲಿ ನಡೆದು ಬಂದಿದ್ದಾರೆ, ನೀರು ಬೇಕೇನೋ ಕೇಳೋಣ" ಎಂದರೆ ಐದರ ಮಗುವಿಗೆ ಸಾಕು. ವಿಶ್ವಾಸವೂ ಉಳಿಯಿತು, ಮರ್ಯಾದೆಯೂ ಉಳಿಯಿತು.

ಸ್ವಲ್ಪ ದೊಡ್ಡ ಮಕ್ಕಳಿಗೆ ಕಥೆಗಳೇ ಹೆಚ್ಚು ನಾಟುತ್ತವೆ. ಪ್ರವಾದಿ(ಸ)ರು ಕುರೈಶ್ ನಾಯಕರೊಡನೆ ಮಾತನಾಡುತ್ತಿದ್ದಾಗ ಅಂಧರಾದ ಅಬ್ದುಲ್ಲಾ ಇಬ್ನು ಉಮ್ಮಿ ಮಕ್ತೂಮ್(ರ) ಬಂದರು. ಪ್ರವಾದಿವರ್ಯರ ಹಣೆ ಗಂಟಿಕ್ಕಿತು. ಆ ಅಂಧರಿಗೆ ಮುಖಭಾವ ಕಾಣುವಂತೆಯೇ ಇರಲಿಲ್ಲ. ಆದರೂ 'ಅಬಸ' ಅಧ್ಯಾಯವು ಆ ಕುರಿತೇ ಅವತೀರ್ಣವಾಯಿತು. ಮುಂದೆ ಅವರೇ ಮದೀನಾದಲ್ಲಿ ಅಝಾನ್ ಕೊಟ್ಟರು. ಯಹೂದಿಯೊಬ್ಬರ ಶವಯಾತ್ರೆ ಸಾಗಿದಾಗ ಪ್ರವಾದಿ(ಸ)ರು ಎದ್ದು ನಿಂತದ್ದನ್ನೂ, ಅದೂ ಒಂದು ಜೀವವಲ್ಲವೇ ಎಂಬರ್ಥದಲ್ಲಿ ಕೇಳಿದ್ದನ್ನೂ ಬುಖಾರಿಯಲ್ಲಿ ಕಾಣುತ್ತೇವೆ. ಜೋಗತಿ ಕಲಾವಿದೆ ಮಂಜಮ್ಮ ಜೋಗತಿ 2021ರಲ್ಲಿ ಪದ್ಮಶ್ರೀ ಸ್ವೀಕರಿಸಿದ ದೃಶ್ಯ ಮೊಬೈಲಿನಲ್ಲಿದೆ. ಗೇಲಿಗೊಳಗಾಗುವ ಬದುಕಿನಿಂದ ಬಂದು ಜಾನಪದ ಅಕಾಡೆಮಿಯ ಅಧ್ಯಕ್ಷರಾದವರು ಅವರು. ಮಕ್ಕಳಿಗೆ ತೋರಿಸಬಹುದು.

ಅನುಕಂಪವೆಂದರೆ ಕಂಡದ್ದೆಲ್ಲವನ್ನೂ ಸರಿ ಎನ್ನುವುದಲ್ಲ. ಹೆಣ್ಣುಮಕ್ಕಳನ್ನು ದೇವದಾಸಿಯರನ್ನಾಗಿ ಬಿಡುವುದನ್ನು ನಮ್ಮ ರಾಜ್ಯವು 1982ರ ಕಾಯ್ದೆಯಿಂದ ನಿಷೇಧಿಸಿದೆ. ಹತ್ತು ಹನ್ನೆರಡರ ಮಕ್ಕಳಿಗೆ ಅದನ್ನೂ ತಿಳಿಸಬೇಕು, ಆದರೆ ಅನ್ಯಾಯಕ್ಕೆ ಗುರಿಯಾದ ಹೆಣ್ಣಿನ ಪಕ್ಷದಲ್ಲಿ ನಿಂತು.

ಶಾಲೆಯಲ್ಲಿ ನಮ್ಮ ಮಗನ ಟೋಪಿಯನ್ನೋ ಮಗಳ ಸ್ಕಾರ್ಫನ್ನೋ ಯಾರಾದರೂ ಹಾಸ್ಯ ಮಾಡಿದರೆ ನಮ್ಮ ಹೊಟ್ಟೆ ಉರಿಯುತ್ತದೆ. ಆ ಮನೆಯವರು ಮಕ್ಕಳಿಗೆ ಏನು ಕಲಿಸಿದ್ದಾರೆ ಎಂದು ಕೇಳುತ್ತೇವೆ. ಜೋಗಪ್ಪನ ತಾಯಿಯೂ ನಮ್ಮ ಬಗ್ಗೆ ಅದನ್ನೇ ಕೇಳಬಹುದಲ್ಲವೇ?